ಹಾರದ ದಿನದ ಕೂಲಿ

ಬೆಳಗಿನ ಐದು ಗಂಟೆ. ಪುಣೆಯ ಕೊಂಢವಾದ ಎನ್‌ಐಬಿಎಂ ರಸ್ತೆಯಲ್ಲಿ ಹಾಲಿನ ಕ್ರೇಟ್ ಇಳಿಸುವ ಟೆಂಪೊ ಬಿಟ್ಟರೆ ಬೇರೆ ಸದ್ದಿಲ್ಲ. ಅಪಾರ್ಟ್‌ಮೆಂಟಿನ ಗೇಟು ದಾಟಿದ ಕಾರಿನ ಹಿಂದಿನ ಕಿಟಕಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದು ತೂಗುಬಿದ್ದಿದೆ. ಅದರ ಹೆಗಲ ಮೇಲೆ ನಾಲ್ಕು ಬಂಗಾರದ ಪಟ್ಟಿ. ಅಂಗಿ ನಲುಗದಿರಲಿ ಎಂದು ಕ್ಯಾಪ್ಟನ್ ಅದನ್ನು ಲೋಹಗಾಂವ್‌ನಲ್ಲೇ ತೊಡುತ್ತಾರೆ.

ಆರಕ್ಕೆ ಲೋಹಗಾಂವ್ ವಿಮಾನ ನಿಲ್ದಾಣ. ಅದು ವಾಯುಪಡೆಯ ನೆಲೆ. ನಾಗರಿಕ ವಿಮಾನಗಳು ಅಲ್ಲಿ ಅತಿಥಿಗಳು. ಪಾಸು, ತಪಾಸಣೆ, ಉಸಿರು ಊದುವ ಪರೀಕ್ಷೆ, ಹವಾಮಾನದ ಹಾಳೆ, ಇಂಧನದ ಲೆಕ್ಕ. ಏಳೂಕಾಲಿಗೆ ಎರಡು ಎಂಜಿನ್ನಿನ ಪುಟ್ಟ ವಿಮಾನ ಮೇಲೇರಿ, ಎಂಟು ದಾಟುವಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಇಳಿಯುತ್ತದೆ. ವಿಮಾನದ ಮಾಲೀಕರು ಕಾರು ಹತ್ತಿ ಧಾರವಾಡದ ಕಾರ್ಖಾನೆಗೆ ಹೊರಟುಹೋಗುತ್ತಾರೆ. ಇಬ್ಬರು ಪೈಲಟ್‌ಗಳು ಕಾಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಹೊರಡುವುದು ಎಂದದ್ದು ನಾಲ್ಕಾಗಿ, ಐದಾಗಿ, ಐದೂಮುಕ್ಕಾಲಿಗೆ ಚಕ್ರ ನೆಲ ಬಿಡುತ್ತದೆ. ಕೊಂಢವಾದ ಮನೆ ಮುಟ್ಟಿದಾಗ ರಾತ್ರಿ ಎಂಟೂಕಾಲು.

ಲಾಗ್‌ಬುಕ್ಕಿನಲ್ಲಿ ಬರೆಯುವುದು 1 ಗಂಟೆ 40 ನಿಮಿಷ. ಮನೆ ಬಿಟ್ಟು ಮನೆ ಸೇರಿದ್ದು ಹದಿನೈದು ಗಂಟೆಯ ಮೇಲೆ. ಹಾಗಾದರೆ ಈ ದಿನದ ಕೂಲಿ ಎಷ್ಟು?

"ಹಾರಿದ್ದಕ್ಕ ರೊಕ್ಕ ಕೊಡ್ತೀವಿ ಅಂತಾರ್ರೀ. ಕಾಯ್ದದ್ದಕ್ಕ ಯಾರು ಕೊಡ್ತಾರ?" ಎಂದು ಕೇಳುತ್ತಾರೆ ಧಾರವಾಡ ಕಡೆಯ ಈ ಕ್ಯಾಪ್ಟನ್. ವಾಯುಪಡೆಯಲ್ಲಿ ಸಾಗಣೆ ವಿಮಾನ ಹಾರಿಸಿ ನಿವೃತ್ತರಾದವರು. "ಹೆಸರು ಬರೀಬ್ಯಾಡ್ರಿ, ನಾಳೆ ಫೋನ್ ಬರೂದು ನಿಂತೀತು" ಎಂದು ನಕ್ಕರು. ಆ ನಗುವಿನಲ್ಲೇ ಈ ಕಸುಬಿನ ಅರ್ಧ ಕಥೆಯಿದೆ.

ಯಾರು ಈ ಕಾಂಟ್ರಾಕ್ಟ್ ಪೈಲಟ್?

ನಮ್ಮ ದೇಶದಲ್ಲಿ ಸಣ್ಣ ವಿಮಾನಗಳು ಎರಡು ದಾರಿಯಲ್ಲಿ ಹಾರುತ್ತವೆ. ಒಂದು, ಬಾಡಿಗೆಗೆ ಬಿಡುವ ಚಾರ್ಟರ್ ಕಂಪನಿಗಳವು. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರತ್ಯೇಕ ಪರವಾನಗಿ ಕೊಡುತ್ತದೆ. ಇನ್ನೊಂದು, ಮಾಲೀಕ ತನ್ನ ಹಾಗೂ ತನ್ನ ಕಂಪನಿಯ ಓಡಾಟಕ್ಕೆಂದೇ ಇಟ್ಟುಕೊಂಡ ಖಾಸಗಿ ವಿಮಾನ. ಇದನ್ನು ಬಾಡಿಗೆಗೆ ಬಿಡುವಂತಿಲ್ಲ.

ಖಾಸಗಿ ವಿಮಾನ ದಿನವೂ ಹಾರುವುದಿಲ್ಲ. ಒಂದು ವಾರದಲ್ಲಿ ಎರಡು ದಿನ ಹಾರಿ, ಆಮೇಲೆ ಹತ್ತು ದಿನ ಹ್ಯಾಂಗರಿನಲ್ಲಿ ಧೂಳು ಹಿಡಿದು ನಿಲ್ಲುವುದುಂಟು. ಇಬ್ಬರು ಪೈಲಟ್‌ಗಳನ್ನು ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳುವ ಬದಲು ಒಬ್ಬರನ್ನು ಕಾಯಂ ಮಾಡಿ, ಇನ್ನೊಬ್ಬರನ್ನು ಬೇಕಾದಾಗ ಕರೆಸಿಕೊಳ್ಳೋಣ ಎನಿಸುವುದು ಸಹಜ. ಕಾಯಂ ಪೈಲಟ್ ರಜೆ ಹೋದಾಗ, ಅವರು ಸಿಮ್ಯುಲೇಟರ್ ತರಬೇತಿಗೆ ಹೋದಾಗ, ಏರ್‌ಲೈನ್ ಸೇರಲು ರಾಜೀನಾಮೆ ಕೊಟ್ಟಾಗಲೂ ಹೀಗೆ ಕರೆದಾಗ ಬರುವವರು ಬೇಕೇಬೇಕು. ಅವರೇ ಕಾಂಟ್ರಾಕ್ಟ್ ಪೈಲಟ್.

ಕೊಂಢವಾ, ಅದಕ್ಕೆ ಅಂಟಿದ ಸಾಳುಂಕೆ ವಿಹಾರ, ವಾನವಡಿ ಇವೆಲ್ಲ ಸೇನೆಯಿಂದ ನಿವೃತ್ತರಾದವರು ನೆಲೆ ನಿಂತ ಜಾಗ. ದಕ್ಷಿಣ ಕಮಾಂಡಿನ ಕಂಟೋನ್ಮೆಂಟು ಪಕ್ಕದಲ್ಲೇ ಇದೆ. ಲೋಹಗಾಂವ್ ನಗರದ ಇನ್ನೊಂದು ಅಂಚಿನಲ್ಲಿದೆ. ಹಡಪಸರದಲ್ಲಿ ಡಿಜಿಸಿಎಯ ಗ್ಲೈಡಿಂಗ್ ಕೇಂದ್ರವಿದೆ, ಎಂಜಿನ್ನಿಲ್ಲದ ವಿಮಾನ ಹಾರಿಸಲು ಕಲಿಸುವ ತಾಣ. ಇನ್ನು ಪುಣೆಯ ಉದ್ಯಮಿಗಳಿಗೆ ಸ್ವಂತ ವಿಮಾನ ಹೊಸದಲ್ಲ. ಹಾರಿಸಬಲ್ಲವರೂ ಹಾರಬೇಕಾದವರೂ ಒಂದೇ ಊರಿನಲ್ಲಿದ್ದಾರೆ. ವ್ಯವಹಾರ ಕುದುರಲು ಒಂದು ಫೋನ್ ಕರೆ ಸಾಕು, ಕುದುರುವುದೂ ಹಾಗೆಯೇ. ಬರವಣಿಗೆ ಇಲ್ಲ, ದರದ ಮಾತಿಲ್ಲ. "ಬಾ, ನೋಡಿ ಕೊಡೋಣ."

ಈ 'ನೋಡಿ ಕೊಡೋಣ' ಎಂಬುದರಲ್ಲೇ ಜಗಳದ ಬೀಜ ಇರುವುದು.

ಮೀಟರಿನ ತಪ್ಪು

ಮಾಲೀಕರ ಲೆಕ್ಕಿಗರಿಗೆ ಗಂಟೆಯ ಲೆಕ್ಕ ಇಷ್ಟ. ವಿಮಾನದ ಇಂಧನ ಗಂಟೆಗಿಷ್ಟು, ಎಂಜಿನ್ ನಿರ್ವಹಣೆ ಗಂಟೆಗಿಷ್ಟು, ಪೈಲಟ್ ಮಾತ್ರ ಯಾಕೆ ಬೇರೆ? ಏರ್‌ಲೈನ್ ಕ್ಯಾಪ್ಟನ್ನಿನ ಸಂಬಳವನ್ನು ಅವರು ಹಾರುವ ಗಂಟೆಯಿಂದ ಭಾಗಿಸಿದರೆ ದರ ಸಿಕ್ಕಿತಲ್ಲ ಎಂಬುದು ಲೆಕ್ಕಿಗರ ವಾದ.

ಹಾಗೆಯೇ ಭಾಗಿಸಿ ನೋಡೋಣ. ಮುಂದಿನ ಅಂಕಿಗಳು ಕಪ್ಪುಹಲಗೆಯ ಲೆಕ್ಕಕ್ಕೆ ಇಟ್ಟುಕೊಂಡವು, ಮಾರುಕಟ್ಟೆಯ ದರಪಟ್ಟಿಯಲ್ಲ. ಒಬ್ಬ ಕ್ಯಾಪ್ಟನ್ನಿಗೆ ವರ್ಷಕ್ಕೆ 48 ಲಕ್ಷ ರೂಪಾಯಿ ಸಂಬಳ, ತಿಂಗಳಿಗೆ 70 ಗಂಟೆ ಹಾರಾಟ ಎಂದುಕೊಳ್ಳಿ. ವರ್ಷಕ್ಕೆ 840 ಗಂಟೆ. ಗಂಟೆಗೆ ಸುಮಾರು 5,700 ರೂಪಾಯಿ. ಹುಬ್ಬಳ್ಳಿಗೆ ಹೋಗಿಬಂದ 1 ಗಂಟೆ 40 ನಿಮಿಷಕ್ಕೆ ಸುಮಾರು 9,500. ಕಾಗದದ ಮೇಲೆ ತಪ್ಪೇ ಕಾಣದು.

ತಪ್ಪಿರುವುದು ವಿಮಾನದ ಸ್ವಭಾವದಲ್ಲಿ. ಏರ್‌ಲೈನ್ ವಿಮಾನ ನಿಂತರೆ ನಷ್ಟ, ಹಾಗಾಗಿ ಅದು ಪೈಲಟ್‌ನನ್ನು ಹಾರಿಸುತ್ತಲೇ ಇರುತ್ತದೆ. ಖಾಸಗಿ ವಿಮಾನ ಇರುವುದೇ ಮಾಲೀಕ ಬಯಸಿದಾಗ ಹೊರಡಲು, ಬಯಸುವ ತನಕ ನಿಲ್ಲಲು. ಸಭೆ ತಡವಾದರೂ ವಿಮಾನ ತಪ್ಪದಿರಲಿ ಎಂದೇ ಅಲ್ಲವೇ ಅವರು ಅಷ್ಟು ಹಣ ಸುರಿದದ್ದು? ಅಂದಮೇಲೆ ಮಾಲೀಕ ಕೊಳ್ಳುತ್ತಿರುವ ಮುಖ್ಯ ಸರಕೇ ಕಾಯುವಿಕೆ. ಆ ಸರಕಿಗೆ ಬೆಲೆ ಕಟ್ಟದೆ ಹಾರಾಟಕ್ಕೆ ಮಾತ್ರ ಕಟ್ಟಿದರೆ ಮೀಟರನ್ನು ತಪ್ಪು ಚಕ್ರಕ್ಕೆ ಕಟ್ಟಿದಂತೆ.

ಹುಬ್ಬಳ್ಳಿಯಿಂದ ಧರ್ಮಸ್ಥಳಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆಲ್ಲ ಇದು ಗೊತ್ತಿರುವ ಸಂಗತಿ. ದಿನಕ್ಕೆ ಕನಿಷ್ಠ ಇಂತಿಷ್ಟು ಕಿಲೋಮೀಟರು, ಚಾಲಕನ ಭತ್ಯೆ ಬೇರೆ, ರಾತ್ರಿ ಉಳಿದರೆ ಹಾಲ್ಟಿಂಗ್ ಬೇರೆ. ದರ್ಶನದ ಸಾಲಿನಲ್ಲಿ ನೀವು ನಿಂತ ನಾಲ್ಕು ಗಂಟೆ ಕಾರು ಓಡಲಿಲ್ಲ ನಿಜ. ಆದರೆ ಆ ನಾಲ್ಕು ಗಂಟೆಯಲ್ಲಿ ಚಾಲಕ ಬೇರೆ ಬಾಡಿಗೆ ಹಿಡಿಯಲೂ ಇಲ್ಲ. ಕಾರಿನವನಿಗೆ ತಕರಾರಿಲ್ಲದೆ ಕೊಡುವ ಈ ನ್ಯಾಯ ವಿಮಾನದ ಹತ್ತಿರ ಬಂದಾಗ ಯಾಕೋ ಮರೆತುಹೋಗುತ್ತದೆ.

ಏರ್‌ಲೈನ್‌ಗಳಲ್ಲೂ ಬರೀ ಗಂಟೆಯ ಲೆಕ್ಕ ನಡೆಯುವುದಿಲ್ಲ. ಹಾರಲಿ ಬಿಡಲಿ, ತಿಂಗಳಿಗೆ ಇಷ್ಟು ಗಂಟೆಯ ಹಣ ಖಾತ್ರಿ ಎಂಬ ಕಟ್ಟಳೆ ಇರುತ್ತದೆ. ಏರ್ ಇಂಡಿಯಾದಲ್ಲಿ ವಿಲೀನವಾಗುವ ಮೊದಲು ವಿಸ್ತಾರ ಕಂಪನಿ ಈ ಖಾತ್ರಿಯನ್ನು 70 ಗಂಟೆಯಿಂದ 40ಕ್ಕೆ ಇಳಿಸುವ ಹೊಸ ಒಪ್ಪಂದ ತಂದಿತು. 2024ರ ಏಪ್ರಿಲ್ ಮೊದಲ ವಾರ ಪೈಲಟ್‌ಗಳಲ್ಲಿ ಅನೇಕರು ಹುಷಾರಿಲ್ಲವೆಂದು ಮನೆಯಲ್ಲಿ ಕೂತರು. ನೂರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಸಾವಿರಾರು ಜನರ ಪ್ರಯಾಣ ಕೆಡಿಸಿದ ಆ ಜಗಳ ಗಂಟೆಯ ದರದ್ದಲ್ಲ, ಹಾರದ ಗಂಟೆಯದ್ದು.

ದಿನದ ದರ ಕಟ್ಟುವ ಬಗೆ

ಹಾಗಾಗಿ ಜಗತ್ತಿನಲ್ಲಿ ಖಾಸಗಿ ವಿಮಾನಗಳ ವಲಯದಲ್ಲಿ ಬೇರೂರಿದ ಪದ್ಧತಿ ದಿನದ ದರ. ಪೈಲಟ್ ಮನೆ ಬಿಟ್ಟ ದಿನ ಅಂದರೆ ಒಂದು ದಿನ. ಇಪ್ಪತ್ತು ನಿಮಿಷ ಹಾರಲಿ, ಆರು ಗಂಟೆ ಹಾರಲಿ, ಇಡೀ ದಿನ ಲಾಂಜಿನಲ್ಲಿ ಕೂರಲಿ, ಅದು ಒಂದೇ ದಿನ. ಅರ್ಧ ದಿನ ಎಂಬುದಿಲ್ಲ. ಬೆಳಿಗ್ಗೆ ಹಾರಿದವರು ಮಧ್ಯಾಹ್ನ ಇನ್ನೊಬ್ಬರ ವಿಮಾನ ಹಾರಿಸಲಾರರಲ್ಲ.

ಆ ದರ ಎಷ್ಟಿರಬೇಕು? ಮತ್ತೆ ಕಪ್ಪುಹಲಗೆಗೆ ಬರೋಣ. 48 ಲಕ್ಷ ಸಂಬಳದ ಕಾಯಂ ಕ್ಯಾಪ್ಟನ್ ವರ್ಷದ 365 ದಿನದಲ್ಲಿ ವಾರಕ್ಕೆರಡು ರಜೆಯಂತೆ 104 ದಿನ, ಇತರ ರಜೆ 21 ದಿನ ಕಳೆದರೆ 240 ದಿನ ಕೆಲಸಕ್ಕಿರುತ್ತಾರೆ. ದಿನಕ್ಕೆ 20,000 ರೂಪಾಯಿ. ಇಲ್ಲಿಗೇ ನಿಲ್ಲಿಸಿ "ಇದೇ ನ್ಯಾಯದ ದರ" ಎನ್ನುವ ಮಾಲೀಕರಿದ್ದಾರೆ. ಆದರೆ ಕಾಂಟ್ರಾಕ್ಟ್ ಪೈಲಟ್‌ಗೆ 240 ದಿನ ಕೆಲಸ ಎಲ್ಲಿ ಸಿಗುತ್ತದೆ? 120 ದಿನ ಸಿಕ್ಕರೆ ಅದೃಷ್ಟ ಎಂದುಕೊಳ್ಳಿ. ಅದೇ 48 ಲಕ್ಷ ಕೈಗೆ ಬರಬೇಕಾದರೆ ದಿನಕ್ಕೆ 40,000 ಆಯಿತು.

ಇನ್ನೂ ಮುಗಿಯಲಿಲ್ಲ. ಕಾಯಂ ನೌಕರನಿಗೆ ಕಂಪನಿ ತುಂಬುವ ಖರ್ಚುಗಳನ್ನು ಕಾಂಟ್ರಾಕ್ಟ್ ಪೈಲಟ್ ತಾನೇ ಹೊರಬೇಕು. ವರ್ಷಕ್ಕೊಮ್ಮೆ, ವಯಸ್ಸಾದ ಮೇಲೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ. ಪರವಾನಗಿ ಜೀವಂತ ಇಡಲು ಕಾಲಕಾಲಕ್ಕೆ ನೈಪುಣ್ಯ ಪರೀಕ್ಷೆ. ಪ್ರತಿ ಮಾದರಿಯ ವಿಮಾನಕ್ಕೂ ಬೇರೆ ಟೈಪ್ ರೇಟಿಂಗ್, ಅಂದರೆ ಅದನ್ನು ಹಾರಿಸುವ ಅನುಮತಿ. ಅನೇಕ ಬಿಸಿನೆಸ್ ಜೆಟ್‌ಗಳ ಸಿಮ್ಯುಲೇಟರಿಗೆ ದುಬೈ ಇಲ್ಲವೇ ಅಮೆರಿಕದ ದಾರಿ ಹಿಡಿಯಬೇಕು. ಆರೋಗ್ಯ ವಿಮೆ, ಕಣ್ಣೋ ಹೃದಯವೋ ಕೈಕೊಟ್ಟು ಪರವಾನಗಿ ಹೋದರೆ ಬದುಕಲು ಬೇಕಾದ 'ಲೈಸೆನ್ಸ್ ನಷ್ಟ' ವಿಮೆ, ಪಿಎಫ್ ಇಲ್ಲದ್ದರಿಂದ ತಾನೇ ಕೂಡಿಡಬೇಕಾದ ಹಣ. ಇದೆಲ್ಲ ಸೇರಿ 6 ಲಕ್ಷ ಎಂದರೂ ದಿನಕ್ಕೆ 5,000 ಕೂಡಿತು. ಒಟ್ಟು 45,000.

ಹೀಗೆ ಒಂದೇ ಹುಬ್ಬಳ್ಳಿ ಪ್ರಯಾಣಕ್ಕೆ ಒಂದು ಲೆಕ್ಕದಲ್ಲಿ 9,500, ಇನ್ನೊಂದರಲ್ಲಿ 20,000, ಮತ್ತೊಂದರಲ್ಲಿ 45,000. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಹಾರಾಟಕ್ಕೆ, ಇನ್ನೊಬ್ಬರು ದಿನಕ್ಕೆ, ಮತ್ತೊಬ್ಬರು ಒಂದು ವರ್ಷದ ಬದುಕಿಗೆ ಬೆಲೆ ಕಟ್ಟುತ್ತಿದ್ದಾರೆ, ಅಷ್ಟೆ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಮೇಳದ ಕಲಾವಿದನಿಗೆ ಇಡೀ ತಿರುಗಾಟದ ಭರವಸೆ ಇರುತ್ತದೆ. ಒಂದು ರಾತ್ರಿಗೆ ಕರೆಸಿದ ಅತಿಥಿ ಕಲಾವಿದನಿಗೆ ಆ ರಾತ್ರಿ ಮಾತ್ರ. ಅತಿಥಿಯ ಸಂಭಾವನೆ ಮೇಳದವನ ಒಂದು ರಾತ್ರಿಯ ಪಾಲಿಗಿಂತ ಹೆಚ್ಚಿದ್ದರೆ ಅದು ದುರಾಸೆಯಲ್ಲ, ನಾಳೆಯ ಆಟ ಇಲ್ಲದ್ದರ ಬೆಲೆ.

ಮಾಲೀಕರಿಗೆ 45,000 ಭಾರ ಎನಿಸಿದರೆ ಅದಕ್ಕೂ ದಾರಿಯಿದೆ. ತಿಂಗಳಿಗೆ ಹತ್ತು ದಿನ ಖಾತ್ರಿ, ಕರೆದರೂ ಕರೆಯದಿದ್ದರೂ ಹಣ ಬರುತ್ತದೆ ಎಂದು ಒಪ್ಪಿದರೆ ಪೈಲಟ್ ದಿನಕ್ಕೆ 40,000ಕ್ಕೆ ಇಳಿಯಬಹುದು. ಭರವಸೆ ಕೊಟ್ಟಷ್ಟು ದರ ಇಳಿಯುತ್ತದೆ. ಭರವಸೆಯೂ ಕೊಡೆ, ದರವೂ ಇಳಿಸು ಎನ್ನುವುದು ಮಾತ್ರ ನಡೆಯದ ಮಾತು.

ದರದಾಚೆಯ ಸಾಲುಗಳು

ದಿನದ ದರ ಗೊತ್ತಾದರೆ ಅರ್ಧ ಕೆಲಸವಾಯಿತು. ಉಳಿದರ್ಧ ಇರುವುದು ಸಣ್ಣ ಅಕ್ಷರಗಳಲ್ಲಿ.

ಮೊದಲನೆಯದು ಸ್ಟ್ಯಾಂಡ್‌ಬೈ. "ನಾಳೆ ಹೋಗಬಹುದು, ಹೋಗದೇ ಇರಬಹುದು, ತಯಾರಿರಿ." ಈ ಮಾತು ಹೇಳುವವರಿಗೆ ಹಗುರ. ಕೇಳಿಸಿಕೊಂಡವರು ಊರು ಬಿಡುವಂತಿಲ್ಲ, ಇನ್ನೊಬ್ಬರ ಕೆಲಸ ಒಪ್ಪುವಂತಿಲ್ಲ, ಬೇಗ ಮಲಗಬೇಕು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ ಎಂಬುದು ನಮ್ಮ ದೇಶದ ನಿಯಮ, ಆದ್ದರಿಂದ ಗೆಳೆಯನ ಮಗಳ ಮದುವೆಯ ಪಾರ್ಟಿಯಲ್ಲೂ ಕೈಯಲ್ಲಿ ನಿಂಬೆ ಶರಬತ್ತೇ. ಒಂದು ದಿನವನ್ನು ಕಟ್ಟಿಹಾಕಿದ ಮೇಲೆ ಪೂರ್ತಿ ಅಲ್ಲದಿದ್ದರೂ ಅದಕ್ಕೊಂದು ಬೆಲೆ ಇರಲೇಬೇಕು.

ಎರಡನೆಯದು ರದ್ದತಿ. ಹಿಂದಿನ ರಾತ್ರಿ ಒಂಬತ್ತಕ್ಕೆ "ಪ್ರೋಗ್ರಾಂ ಕ್ಯಾನ್ಸಲ್" ಎಂಬ ವಾಟ್ಸ್ಯಾಪ್ ಬಂದರೆ ಆ ದಿನವನ್ನು ಬೇರೆಯವರಿಗೆ ಕೊಡುವ ಕಾಲ ಮೀರಿರುತ್ತದೆ. ಇಷ್ಟು ಗಂಟೆಯೊಳಗೆ ರದ್ದಾದರೆ ಪೂರ್ತಿ, ಅದಕ್ಕೂ ಮೊದಲಾದರೆ ಅರ್ಧ ಎಂದು ಮೊದಲೇ ಬರೆದುಕೊಂಡರೆ ಮುನಿಸಿಗೆ ಎಡೆಯಿಲ್ಲ.

ಮೂರನೆಯದು ಪರ ಊರಿನ ರಾತ್ರಿ. ಕೋಣೆ, ಊಟ, ಓಡಾಟ ಮಾಲೀಕರದು. ಆದರೆ ನಿದ್ದೆ ಬರುವಂಥ ಕೋಣೆ ಆಗಿರಬೇಕು ಎಂಬುದನ್ನೂ ಬರೆಯಬೇಕಾಗಿ ಬಂದಿದೆ. ವಿಮಾನ ತರಲು ಪೈಲಟ್ ಸಾಮಾನ್ಯ ಪ್ರಯಾಣಿಕನಾಗಿ ಬೆಂಗಳೂರಿಗೆ ಹೋದ ದಿನವೂ ಕೆಲಸದ ದಿನವೇ.

ನಾಲ್ಕನೆಯದು ತೆರಿಗೆ. ಸಂಬಳವಲ್ಲ, ವೃತ್ತಿಪರ ಶುಲ್ಕ ಎಂದಾದರೆ ಶೇ 10 ಟಿಡಿಎಸ್ ಮೂಲದಲ್ಲೇ ಕಡಿತ. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಬಿಲ್ಲಿನ ಮೇಲೆ ಶೇ 18. ಒಪ್ಪಿದ ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಕೇಳದೆ ತಲೆಯಾಡಿಸಿದವರು ಕೊನೆಗೆ ತಮ್ಮ ಜೇಬಿನಿಂದ ತುಂಬಿದ್ದಾರೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ವಿಮಾನದ ವಿಮೆ. ವಿಮಾನ ಯಾರು ಹಾರಿಸಬಹುದು, ಎಷ್ಟು ಗಂಟೆ ಅನುಭವ ಬೇಕು ಎಂಬ ಷರತ್ತು ಪಾಲಿಸಿಯಲ್ಲಿರುತ್ತದೆ. ಎರಡು ದಿನಕ್ಕೆ ಕರೆಸಿಕೊಂಡ ಪೈಲಟ್‌ನ ಹೆಸರು ಅಲ್ಲಿ ಸೇರದಿದ್ದರೆ ಅಪಘಾತವಾದ ದಿನ ವಿಮಾ ಕಂಪನಿ ಕೈಯೆತ್ತಬಹುದು. ಇಲ್ಲವೇ ಮಾಲೀಕರಿಗೆ ತುಂಬಿಕೊಟ್ಟು ಪೈಲಟ್ ಮೇಲೆ ವಸೂಲಿಗೆ ಬರಬಹುದು. ಕೋಟಿಗಟ್ಟಲೆಯ ಯಂತ್ರವನ್ನು 45,000ಕ್ಕೆ ಹಾರಿಸುವವರು ಪಾಲಿಸಿಯ ಪ್ರತಿ ಕೇಳಿದರೆ ಅದು ಅಪನಂಬಿಕೆಯಲ್ಲ.

ಕಾನೂನು ಈ ಬಗ್ಗೆ ಏನೆನ್ನುತ್ತದೆ? ದೊಡ್ಡ ಸಂಬಳ, ಕ್ಯಾಪ್ಟನ್ ಎಂಬ ಪದವಿ ಇರುವುದರಿಂದ ಪೈಲಟ್ ಕಾರ್ಮಿಕನಲ್ಲ ಎಂದು ವಾದಿಸಿದ ಕಂಪನಿಯೊಂದರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2025ರಲ್ಲಿ, ಪೈಲಟ್ ಮಾಡುವುದು ಕುಶಲ, ತಾಂತ್ರಿಕ ಕೆಲಸ, ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅಡಿ ಆತನೂ ಕಾರ್ಮಿಕನೇ ಎಂದಿತು. ನಾಲ್ಕು ಪಟ್ಟಿಯ ಅಂಗಿಯ ಒಳಗಿರುವುದು ಕೂಲಿ ಬಾಕಿ ಕೇಳಬಲ್ಲ ಒಬ್ಬ ದುಡಿಮೆಗಾರ ಎಂಬುದು ಅದರ ಅರ್ಥ. ಆದರೆ ಬಿಡಿ ದಿನಗಳ ಲೆಕ್ಕದಲ್ಲಿ ನಾಲ್ಕಾರು ಮಾಲೀಕರಿಗೆ ಹಾರಿಸುವವರು ನೌಕರರೋ ಸ್ವತಂತ್ರ ವೃತ್ತಿಪರರೋ ಎಂಬ ಪ್ರಶ್ನೆ ಎದುರಾದಾಗ ಅವರನ್ನು ಮೊದಲು ಕಾಯುವುದು ಸಹಿ ಹಾಕಿದ ಕಾಗದ. ಕಾಗದವಿದ್ದರೂ ಏನಾಗಬಹುದು ಎಂದು ಬೆಂಗಳೂರಿನ ಜನ ಕಣ್ಣಾರೆ ಕಂಡಿದ್ದಾರೆ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ನೆಲ ಹಿಡಿದಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ನೇಮಕಾತಿ ಪತ್ರ ಕೈಯಲ್ಲಿದ್ದವರ ಪಾಡೇ ಹಾಗಾದರೆ ಫೋನಿನಲ್ಲಿ ಒಪ್ಪಿಕೊಂಡವರದು?

ಪೆನ್ಷನ್ ಇದ್ದವರು, ಸಾಲ ಇದ್ದವರು

ಕೊಂಢವಾದಂಥ ಊರಿನಲ್ಲಿ ದರ ಇಳಿಯಲು ಇನ್ನೊಂದು ಕಾರಣವಿದೆ. ಅದನ್ನು ಕ್ಯಾಪ್ಟನ್ ತಾವಾಗಿಯೇ ಹೇಳಿದರು. "ನನಗ ಪೆನ್ಷನ್ ಐತಿ, ಮನಿ ಐತಿ, ಮಕ್ಕಳು ದುಡೀತಾರ. ಯಾರರ ಕರದ್ರ ಖುಷಿಲೆ ಹೋಗ್ತಿದ್ದೆ, ಎಷ್ಟು ಕೊಟ್ರೂ ನಡೀತಿತ್ತು. ಒಂದಿನ ಬಲಗಡೆ ಕುಂತ ಹುಡುಗ ಕೇಳಿದ, ಸರ, ನೀವ್ ಹಿಂಗ ಒಪ್ಪಿಕೊಂಡ್ರ ನಮಗೇನ್ ಉಳೀತೈತ್ರಿ ಅಂತ. ಅವತ್ತ ನಾಚಿಕಿ ಆತ್ರಿ."

ಬಲಗಡೆಯ ಸೀಟು ಕೋ-ಪೈಲಟ್‌ದು. 200 ಗಂಟೆ ಹಾರಾಟ ಮುಗಿಸಿ ವಾಣಿಜ್ಯ ಪರವಾನಗಿ ಪಡೆದ ಹೊತ್ತಿಗೆ ಮನೆಯ ಮೇಲೆ ಲಕ್ಷಗಟ್ಟಲೆ ಸಾಲ ಏರಿರುತ್ತದೆ. ಮುಂದಿನ ಮೆಟ್ಟಿಲಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆ ಬೇಕು. ಈ ಗಂಟೆಗಳ ಹಸಿವನ್ನು ಬಲ್ಲ ಕೆಲವರು "ಅನುಭವ ಸಿಗುತ್ತದಲ್ಲ" ಎಂದು ಬಿಡಿಗಾಸಿಗೆ ಕೂರಿಸಿಕೊಳ್ಳುತ್ತಾರೆ. ನಿವೃತ್ತರ ಉದಾರತೆ, ಕಿರಿಯರ ಹಸಿವು ಎರಡೂ ಸೇರಿ ದರವನ್ನು ನೆಲಕ್ಕೆ ಎಳೆಯುತ್ತವೆ.

ಇದು ಬರೀ ಹಣದ ಮಾತಲ್ಲ. ಬಲಗಡೆಯ ಸೀಟಿನಲ್ಲಿರುವವರ ಕೆಲಸವೇ ಎಡಗಡೆಯವರು ತಪ್ಪಿದಾಗ ಬಾಯಿಬಿಡುವುದು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಎಚ್ಚರಿಸಿದ್ದು ಧ್ವನಿಮುದ್ರಣದಲ್ಲಿ ಉಳಿದಿತ್ತು. ಆ ದುರಂತಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ಆದರೆ ಕಾಯಂ ನೌಕರಿಯಲ್ಲಿದ್ದವರ 'ಬೇಡ' ಎಂಬ ಮಾತೇ ನಿರ್ಧಾರವನ್ನು ಬದಲಿಸಲಿಲ್ಲ. ಇನ್ನು, ಮುಂದಿನ ಸಲ ಕರೆಯುತ್ತಾರೋ ಇಲ್ಲವೋ ಎಂಬ ಭಯದಲ್ಲಿ ಬಿಡಿಗಾಸಿಗೆ ಕೂತ ಹುಡುಗನ ಬಾಯಿಂದ ಆ ಮಾತು ಹೊರಬೀಳುವುದೇ ಕಷ್ಟ.

'ಬೇಡ' ಎಂಬ ಮಾತಿನ ಬೆಲೆ

ನ್ಯಾಯದ ಕೂಲಿಯ ತಿರುಳು ನನಗೆ ಕಂಡದ್ದು ಇಲ್ಲಿಯೇ. ಕಾಂಟ್ರಾಕ್ಟ್ ಪೈಲಟ್ ಮಾಡುವ ಅತಿ ದೊಡ್ಡ ಕೆಲಸ ಹಾರುವುದಲ್ಲ, ಹಾರಬಾರದ ದಿನ ಹಾರದಿರುವುದು. ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟರೆ ಆ ಕೆಲಸಕ್ಕೆ ಸಿಗುವುದು ಸೊನ್ನೆ. ಅಂದರೆ ಮೋಡ ತಗ್ಗಿರುವ ಬೆಳಿಗ್ಗೆ ಪೈಲಟ್ ಎದುರು ಎರಡು ದಾರಿ: ಹೋದರೆ ಕೂಲಿ, ಹೋಗದಿದ್ದರೆ ಕೂಲಿಯೂ ಇಲ್ಲ, ಮಾಲೀಕರ ಮುಖವೂ ಸಿಡುಕು. ಮನುಷ್ಯ ಎಷ್ಟೇ ಪ್ರಾಮಾಣಿಕನಿರಲಿ, ತಕ್ಕಡಿಯ ಒಂದು ತಟ್ಟೆಗೆ ಹಣ ಹಾಕಿಟ್ಟು ಮುಳ್ಳು ನೇರ ನಿಲ್ಲಲಿ ಎನ್ನುವುದು ಸರಿಯಲ್ಲ.

ಮಾಲೀಕ ಬೆನ್ನ ಹಿಂದೆಯೇ ಕೂತಿರುವುದು ಈ ಕಸುಬಿನ ವಿಶೇಷ. ಏರ್‌ಲೈನ್ ಪೈಲಟ್‌ಗೆ ಕಾಕ್‌ಪಿಟ್ಟಿನ ಬಾಗಿಲಿದೆ, ಹಿಂದೊಂದು ದೊಡ್ಡ ಸಂಸ್ಥೆಯಿದೆ. ಇಲ್ಲಿ ಕೂಲಿ ಕೊಡುವವರ ಉಸಿರು ಕುತ್ತಿಗೆಗೆ ತಾಗುವಷ್ಟು ಹತ್ತಿರ. 2001ರ ಮಾರ್ಚ್ 29ರ ಸಂಜೆ ಅಮೆರಿಕದ ಆಸ್ಪೆನ್‌ನಲ್ಲಿ ಬಾಡಿಗೆಯ ಗಲ್ಫ್‌ಸ್ಟ್ರೀಮ್ ಜೆಟ್ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 18 ಮಂದಿಯೂ ಸತ್ತರು. ಹಿಮ ಬೀಳುತ್ತಿತ್ತು, ಕತ್ತಲಾಗುವುದರೊಳಗೆ ಇಳಿಯಬೇಕೆಂಬ ನಿರ್ಬಂಧವಿತ್ತು, ಅಲ್ಲೇ ಇಳಿಸಲೇಬೇಕೆಂಬ ಗ್ರಾಹಕನ ಹಟವಿತ್ತು. ರನ್‌ವೇ ಕಾಣದೆಯೇ ಕೆಳಗಿಳಿದದ್ದು ಪೈಲಟ್‌ಗಳ ತಪ್ಪು ಎಂದ ಅಮೆರಿಕದ ತನಿಖಾ ಮಂಡಳಿ, ಕ್ಯಾಪ್ಟನ್ ಮೇಲೆ ಗ್ರಾಹಕ ಹೇರಿದ ಒತ್ತಡವನ್ನೂ ಕಾರಣಗಳ ಸಾಲಿನಲ್ಲಿ ದಾಖಲಿಸಿತು. ದುಡ್ಡಿನ ಒತ್ತಡ ವಿಮಾನದ ಯಾವ ಮೀಟರಿನಲ್ಲೂ ಕಾಣುವುದಿಲ್ಲ ನಿಜ. ತನಿಖೆಯ ಕಾಗದದಲ್ಲಿ ಮಾತ್ರ ಒಮ್ಮೊಮ್ಮೆ ಕಾಣಿಸಿಕೊಳ್ಳುತ್ತದೆ.

'ಬೇಡ' ಎನ್ನಬೇಕಾದ ಸಂದರ್ಭ ಹವಾಮಾನದ್ದು ಮಾತ್ರವೇ ಅಲ್ಲ. "ನಮ್ಮ ಗೆಳೆಯರನ್ನು ನಾಳೆ ಬೆಳಗಾವಿಗೆ ಬಿಡಿ, ಡೀಸೆಲ್ ದುಡ್ಡು ಅವರೇ ಕೊಡ್ತಾರೆ" ಎಂಬ ಮಾತು ಕಾರಿನ ವಿಷಯದಲ್ಲಿ ಸ್ನೇಹ, ಖಾಸಗಿ ವಿಮಾನದ ವಿಷಯದಲ್ಲಿ ಕಳ್ಳ ಬಾಡಿಗೆ. ಸಿಕ್ಕಿಬಿದ್ದರೆ ಪೈಲಟ್‌ನ ಪರವಾನಗಿಗೂ ಕುತ್ತು. ಚುನಾವಣೆಯ ದಿನಗಳಲ್ಲಿ ಇನ್ನೊಂದು ಬಗೆಯ ಒತ್ತಡ. ದಿನಕ್ಕೆ ಆರೇಳು ಸಭೆ, ಶಾಲೆಯ ಮೈದಾನದಲ್ಲಿ ಸುಣ್ಣ ಎಳೆದ ಹೆಲಿಪ್ಯಾಡು, ಪ್ರತಿ ಸಭೆಯೂ ತಡ.

ಕರ್ನಾಟಕದ ಕಳೆದ ವಿಧಾನಸಭಾ ಚುನಾವಣೆಯಲ್ಲಿ, 2023ರ ಮೇ 2ರಂದು, ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹೊಸಕೋಟೆ ಬಳಿ ಹದ್ದು ಬಡಿದು ಮುಂದಿನ ಗಾಜು ಪುಡಿಯಾಯಿತು. ಪೈಲಟ್ ಹೆಲಿಕಾಪ್ಟರನ್ನು ಎಚ್‌ಎಎಲ್ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಗಂಟೆಯ ಮೀಟರಿನಲ್ಲಿ ಆ ಕೆಲವು ನಿಮಿಷಕ್ಕೆ ಎಷ್ಟು ರೂಪಾಯಿ ಆಗುತ್ತಿತ್ತು? ಆ ನಿಮಿಷಗಳಿಗಾಗಿಯೇ ಅಲ್ಲವೇ ಉಳಿದ ಎಲ್ಲ ದಿನಗಳ ತರಬೇತಿ, ಪರೀಕ್ಷೆ, ವಿಶ್ರಾಂತಿ?

ಮಾಲೀಕರ ಕಡೆಯ ಮಾತು

ಮಾಲೀಕರ ತಕರಾರಿನಲ್ಲೂ ಹುರುಳಿದೆ. ವಿಮಾನ ಇಟ್ಟುಕೊಳ್ಳುವುದು ಬಿಳಿಯಾನೆ ಸಾಕಿದಂತೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನದ ಮೇಲಿನ ಜಿಎಸ್‌ಟಿ ಶೇ 40. ಹ್ಯಾಂಗರ್ ಬಾಡಿಗೆ, ವಿಮೆ, ಬಿಡಿಭಾಗ ನಿಲ್ಲದ ಖರ್ಚು. ದುಬಾರಿ ಟೈಪ್ ರೇಟಿಂಗ್ ಮಾಡಿಸಿಕೊಟ್ಟ ಪೈಲಟ್ ಆರೇ ತಿಂಗಳಲ್ಲಿ ಏರ್‌ಲೈನ್ ಸೇರಿದರೆ ಹೊಟ್ಟೆ ಉರಿಯದೇ ಇರದು. ತರಬೇತಿಯ ಖರ್ಚಿಗೆ ಬಾಂಡ್ ಬರೆಸಿಕೊಳ್ಳುವುದು ತಪ್ಪಲ್ಲ. ಆದರೆ ಪೈಲಟ್ ಹಾರಿಸಿದ ಪ್ರತಿ ತಿಂಗಳೂ ಬಾಂಡಿನ ಮೊತ್ತ ಕರಗುತ್ತ ಹೋಗಬೇಕು. ವರ್ಷ ಕಳೆದರೂ ಪೂರ್ತಿ ಮೊತ್ತಕ್ಕೇ ಕೈಚಾಚುವ ಬಾಂಡು ಜೀತದ ಚೀಟಿಯಾಗುತ್ತದೆ.

ಇನ್ನು, ಒಳ್ಳೆಯ ಕೂಲಿ ಕೊಟ್ಟವರಿಗೆ ಕೇಳುವ ಹಕ್ಕೂ ಇದೆ. ಹೊತ್ತಿಗೆ ಮೊದಲೇ ಬರುವುದು, ಕಾಗದಪತ್ರ ಹಸನಾಗಿಡುವುದು, ಪರವಾನಗಿಯ ಅವಧಿ ಮುಗಿಯುವ ಮೊದಲೇ ತಿಳಿಸುವುದು, ಒಪ್ಪಿಕೊಂಡ ದಿನವನ್ನು ಹೆಚ್ಚು ಕೊಡುವವರು ಕರೆದರೆಂದು ಕೈಬಿಡದಿರುವುದು. ಪೈಲಟ್ ರದ್ದುಮಾಡಿದರೂ ದಂಡ ಇರಲಿ ಎನ್ನುವ ಮಾಲೀಕರ ಮಾತು ನ್ಯಾಯವಾದದ್ದೇ. ಒಪ್ಪಂದ ಎರಡೂ ಕಡೆ ಕಟ್ಟಿದ ಹಗ್ಗ.

ಎಲ್ಲ ಸೇರಿಸಿದರೂ ಎರಡು ಪುಟ ಮೀರದು: ದಿನದ ದರ, ಖಾತ್ರಿ ದಿನಗಳು, ಸ್ಟ್ಯಾಂಡ್‌ಬೈ, ರದ್ದತಿ, ಹಾಲ್ಟಿಂಗ್, ತೆರಿಗೆ, ವಿಮೆ, ಹಣ ಸಂದಾಯದ ಗಡುವು. ಕೊನೆಗೆ ಒಂದು ಸಾಲು: ಹಾರಬೇಕೋ ಬೇಡವೋ ಎಂಬ ತೀರ್ಮಾನ ಪೈಲಟ್‌ದು, ಹಾರದಿದ್ದರೂ ದಿನದ ಹಣ ಸಲ್ಲುತ್ತದೆ.

ಕೊಂಢವಾದ ಕ್ಯಾಪ್ಟನ್ ಈಗ ಈ ಸಾಲಿಲ್ಲದೆ ಸಹಿ ಹಾಕುವುದಿಲ್ಲ. ಹೋದ ಮಳೆಗಾಲದ ಒಂದು ಬೆಳಿಗ್ಗೆ ಅದು ಪರೀಕ್ಷೆಗೂ ಬಂತು. ಲೋಹಗಾಂವ್‌ನಲ್ಲಿ ಅಂಗಿ ತೊಟ್ಟು ಹವಾಮಾನದ ಹಾಳೆ ನೋಡಿದರೆ ಹುಬ್ಬಳ್ಳಿಯ ಮೇಲೆ ಮೋಡ ತೀರ ತಗ್ಗಿನಲ್ಲಿತ್ತು. ಒಂದು ತಾಸು ಕಾದರು. ಸುಧಾರಿಸಲಿಲ್ಲ. ಮಾಲೀಕರು ಆಗಲೇ ಬಂದು ಕೂತಿದ್ದರು.

"ಇವತ್ತ ಬ್ಯಾಡ್ರಿ ಸರ" ಎಂದರಂತೆ ಕ್ಯಾಪ್ಟನ್.

ಮಾಲೀಕರು ಗಡಿಯಾರ ನೋಡಿದರು, ಆಕಾಶ ನೋಡಿದರು. ಪುಣೆಯ ಮೇಲೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಒಂದು ಮಾತೂ ಆಡದೆ ಡ್ರೈವರನ್ನು ಕರೆದು, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟುವ ಹೆದ್ದಾರಿ ಹಿಡಿದು ಹೊರಟರು.

ಹುಬ್ಬಳ್ಳಿಯ ಮೋಡ ಮಧ್ಯಾಹ್ನದ ಹೊತ್ತಿಗೆ ತಿಳಿಯಾಯಿತೋ ಇಲ್ಲವೋ, ಕ್ಯಾಪ್ಟನ್ ಆಮೇಲೆ ನೋಡಲು ಹೋಗಲಿಲ್ಲ. ತಿಂಗಳ ಕೊನೆಗೆ ಕಳಿಸಿದ ಬಿಲ್ಲಿನ ಪ್ರತಿಯನ್ನು ನನಗೆ ತೋರಿಸಿದರು. ಆ ತಾರೀಖಿನ ಎದುರು ಹಾರಾಟದ ಅಂಕಣದಲ್ಲಿ 0:00 ಎಂದಿದೆ. ಪಕ್ಕದ ಅಂಕಣದಲ್ಲಿ ಪೂರ್ತಿ ಒಂದು ದಿನದ ಮೊತ್ತ. ಅದರ ಮೇಲೆ ಲೆಕ್ಕಿಗರು ಪೆನ್ಸಿಲಿನಲ್ಲಿ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಯಾರೋ ನೀಲಿ ಶಾಯಿಯಲ್ಲಿ ಹೊಡೆದುಹಾಕಿ, ಕೆಳಗೆ ಚಿಕ್ಕದಾಗಿ ಸಹಿ ಮಾಡಿದ್ದರು.